ಡಾಡ್ಜ್ ಕಿಂಗ್ಸ್‌ವೇಗೆ ಎಲೆಕ್ಟ್ರಾನಿಕ್ ಇಗ್ನಿಷನ್, ಬಾಲ್‌ಪೆನ್ ಸ್ಪ್ರಿಂಗ್ ಸಮೇತ

ಚಾಮುಂಡಿ ಬೆಟ್ಟ ಹತ್ತುವಾಗ, ನಂದಿ ಕಡೆಗೆ ತಿರುಗುವ ಜಾಗ ಇನ್ನೂ ಸ್ವಲ್ಪ ಮುಂದಿದೆ ಅನ್ನುವಾಗ ಗಾಡಿ ಒಂದು ಸಲ ಕೆಮ್ಮಿತು. ಆಮೇಲೆ ಎರಡು ಸಲ. ಆಮೇಲೆ ನಿಂತೇ ಹೋಯಿತು. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಮ್ಮ ತಲೆ ಕೂಡ ಎತ್ತದೆ ಹೇಳಿದರು: "ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಹಾಕೋ. ನಿಮ್ಮಪ್ಪ ಹಾಗೇ ಮಾಡ್ತಿದ್ರು."

ಒದ್ದೆ ಬಟ್ಟೆ ಹಾಕಿದೆ. ಅರ್ಧ ಗಂಟೆ ಕಾದೆವು. ಸೆಲ್ಫ್ ಹೊಡೆದ ತಕ್ಷಣ ಗಾಡಿ ಏನೂ ಆಗಿಲ್ಲ ಎಂಬಂತೆ ಹಿಡಿಯಿತು.

ನಮ್ಮ ಮನೆಯಲ್ಲಿ ಈ ಬಟ್ಟೆಗೆ ಒಂದು ಮರ್ಯಾದೆ ಇದೆ. ಡಿಕ್ಕಿಯಲ್ಲಿ ಅದಕ್ಕೇ ಒಂದು ಜಾಗ. ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಸಪ್ಲೈ ಕಟ್ಟಾಗುತ್ತದೆ, ಪಂಪು ತಣ್ಣಗಾದರೆ ಸರಿಹೋಗುತ್ತದೆ ಎನ್ನುವುದು ಅಪ್ಪನ ಲೆಕ್ಕ. ತಪ್ಪೇನಲ್ಲ, ಹಳೆ ಗಾಡಿಗಳಲ್ಲಿ ಅದು ಆಗುವ ತೊಂದರೆಯೇ. ಆದರೆ ಆ ದಿನ ಬಟ್ಟೆ ತೆಗೆಯುವಾಗ ನನ್ನ ಕೈ ಇಗ್ನಿಷನ್ ಕಾಯಿಲಿಗೆ, ಅಂದರೆ ಪ್ಲಗ್ಗುಗಳ ಕಿಡಿಗೆ ವೋಲ್ಟೇಜ್ ಏರಿಸಿಕೊಡುವ ಡಬ್ಬಿಗೆ, ತಾಗಿತು. ಅರ್ಧ ಗಂಟೆ ಕಳೆದ ಮೇಲೂ ಅದು ಇಡ್ಲಿ ಪಾತ್ರೆಯ ಹಾಗೆ ಕಾದಿತ್ತು. ಅಲ್ಲಿಂದ ಶುರುವಾಯಿತು ಈ ಕೆಲಸ.

ಮೊದಲು ಗಾಡಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. 1954ರ ಡಾಡ್ಜ್ ಕಿಂಗ್ಸ್‌ವೇ, ಎಂವೈ ಎಂದು ಶುರುವಾಗುವ ಹಳೆ ಮೈಸೂರು ನಂಬರು. ಹೆಸರಿಗೆ ಡಾಡ್ಜ್. ನಿಜಕ್ಕೂ ಇದು ಪ್ಲಿಮತ್ ಕಾರಿಗೆ ಡಾಡ್ಜ್ ಮೂಗು ಅಂಟಿಸಿ ಹೊರದೇಶಗಳಿಗೆಂದು ಮಾಡಿದ ಮಾಡೆಲ್. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಜೋಡಿಸುತ್ತಿದ್ದರು. ಹೆಚ್ಚುಕಮ್ಮಿ ಇದೇ ಗಾಡಿಯನ್ನು ಪ್ಲಿಮತ್ ಸವೋಯ್, ಡಿಸೋಟೊ ಡಿಪ್ಲೊಮ್ಯಾಟ್ ಅಂತಲೂ ಮಾರಿದರು. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಹೊಟ್ಟೆಯುರಿಯ ವಿಷಯವಿದೆ. ಇಲ್ಲೊಂದು ಕಾರು ಕಾರ್ಖಾನೆ ಆಗಬೇಕು ಅಂತ ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಯೋಜನೆ ಹಿಡಿದು ಓಡಾಡಿದ್ದರು, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗಿದ್ದರು. ಕಾರು ಬೆಂಗಳೂರಿಗೆ ಬರಲಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ವಾಲ್‌ಚಂದ್ ಅಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆ, ಈಗಿನ ಎಚ್‌ಎಎಲ್. ಅವರದೇ ಪ್ರೀಮಿಯರ್ ಹುಟ್ಟಿದ್ದು 1944ರಲ್ಲಿ, ಬೊಂಬಾಯಿಯಲ್ಲಿ. ಬಾನೆಟ್ ಎತ್ತಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಇರಲಿ.

ಎಂಜಿನ್ ಸಾಲಾಗಿ ಆರು ಸಿಲಿಂಡರಿನದು, 217.8 ಘನ ಇಂಚು, ಅಂದರೆ ಸುಮಾರು 3.6 ಲೀಟರ್. ಸೈಡ್ ವಾಲ್ವ್. ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇರುವುದರಿಂದ ಹೆಡ್ ಅನ್ನುವುದು ಒಂದು ದಪ್ಪ ಮುಚ್ಚಳ ಅಷ್ಟೇ, ಅದರ ತಲೆಯ ಮೇಲೆ ಆರು ಪ್ಲಗ್ಗು ಸಾಲಾಗಿ ನಿಂತಿರುತ್ತವೆ. ಕೆಲಸ ಮಾಡುವವರಿಗೆ ಇಷ್ಟು ಸಲೀಸಾದ ಎಂಜಿನ್ ಇನ್ನೊಂದಿಲ್ಲ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-5-3-6-2-4. ಆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಅಂದಹಾಗೆ ನಮ್ಮ ಮೇಸ್ತ್ರಿಯ ಬಾಯಲ್ಲಿ ಅದು ಡಿಸ್ಟ್ರಿಬ್ಯೂಟರ್ ಅಲ್ಲ, ಡೆಲ್ಕೊ. ಯಾವ ಕಂಪನಿಯದಾದರೂ ಡೆಲ್ಕೊನೇ.

ಗಾಡಿ ಫ್ಯಾಕ್ಟರಿಯಿಂದ ಬರುವಾಗ 6 ವೋಲ್ಟ್, ಅದೂ ಪಾಸಿಟಿವ್ ಅರ್ತ್. ಬ್ಯಾಟರಿಯ ಪ್ಲಸ್ಸು ಬಾಡಿಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಅದನ್ನು ಒಂದು ಗ್ಯಾರೇಜಿನಲ್ಲಿ 12 ವೋಲ್ಟಿಗೆ, ನೆಗೆಟಿವ್ ಅರ್ತಿಗೆ ಬದಲಾಯಿಸಿದರು. ಬ್ಯಾಟರಿ, ಡೈನಮೊ, ಬಲ್ಬು, ಕಾಯಿಲ್ ಎಲ್ಲ ಹೊಸದು. ಸೆಲ್ಫ್ ಮೋಟರ್ ಮಾತ್ರ ಅದೇ 6 ವೋಲ್ಟಿನದು. ಅದು 12 ವೋಲ್ಟಿನಲ್ಲಿ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ, ಹೆಚ್ಚು ಹೊತ್ತು ಒತ್ತಿ ಹಿಡಿಯದಿದ್ದರೆ ಏನೂ ಆಗುವುದಿಲ್ಲ. ಪ್ಲಸ್ಸು ಮೈನಸ್ಸು ಅದಲುಬದಲಾದರೂ ಆ ಮೋಟರ್ ತಿರುಗುವ ದಿಕ್ಕು ಬದಲಾಗುವುದಿಲ್ಲ. ಕಾಯಿಲ್ ಹಾಗಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಪೆಟ್ರೋಲಾ, ಕರೆಂಟಾ ಅಂತ ಮೊದಲು ತೀರ್ಮಾನವಾಗಬೇಕಿತ್ತು. ಮುಂದಿನ ಭಾನುವಾರ ಒಬ್ಬನೇ ಬೆಟ್ಟಕ್ಕೆ ಹೋದೆ, ಬೇಕಂತಲೇ ಮಧ್ಯಾಹ್ನ. ಗಾಡಿ ಮಾತು ಉಳಿಸಿಕೊಂಡಿತು, ಹೆಚ್ಚುಕಮ್ಮಿ ಅದೇ ಜಾಗದಲ್ಲಿ ನಿಂತಿತು. ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಗಂಟಲಿಗೆ ಟಾರ್ಚ್ ಬಿಟ್ಟು ಆಕ್ಸಿಲರೇಟರ್ ಲಿಂಕ್ ಎಳೆದೆ. ಸುರ್ ಅಂತ ಪೆಟ್ರೋಲ್ ಚಿಮ್ಮಿತು. ಆವಿಯೂ ಇಲ್ಲ, ಗೀವಿಯೂ ಇಲ್ಲ. ಕಾಯಿಲಿನಿಂದ ಬರುವ ದಪ್ಪ ವೈರನ್ನು ಬ್ಲಾಕಿನ ಹತ್ತಿರ ಹಿಡಿದು ಸೆಲ್ಫ್ ಹೊಡೆಸಿದರೆ (ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹುಡುಗನನ್ನು ಕರೆದು ಕೂರಿಸಿದ್ದೆ, ಅವನಿಗೆ ಖುಷಿಯೋ ಖುಷಿ) ಕಿಡಿ ಇಲ್ಲ. ಇಷ್ಟು ವರ್ಷ ಒದ್ದೆ ಬಟ್ಟೆಗೆ ಸಿಕ್ಕ ಹೆಸರೆಲ್ಲ ನಿಜಕ್ಕೂ ಆ ಅರ್ಧ ಗಂಟೆಗೆ ಸೇರಬೇಕಾದದ್ದು. ಅಷ್ಟರಲ್ಲಿ ಕಾಯಿಲ್ ಮತ್ತೆ ಕಿಡಿ ಕೊಡುವಷ್ಟು ತಣ್ಣಗಾಗುತ್ತಿತ್ತು.

ಆಗಲೇ ಒಂದು ನಿರ್ಧಾರ ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲ ಒಟ್ಟಿಗೆ ಬದಲಾಯಿಸಿ, ಆಮೇಲೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದೆ ಇನ್ನೊಂದು ಒದ್ದೆ ಬಟ್ಟೆಯನ್ನು ಮುಂದಿನ ತಲೆಮಾರಿಗೆ ಬಿಟ್ಟುಹೋಗಬಾರದು.

ಮನೆಗೆ ಬಂದು ಕಾಯಿಲಿನ ಪ್ರೈಮರಿಗೆ, ಅಂದರೆ ಬ್ಯಾಟರಿಯ ಕರೆಂಟ್ ಹರಿಯುವ ಸುತ್ತಿಗೆ, ಮೀಟರ್ ಇಟ್ಟೆ. 1.5 ಓಮ್. ಉತ್ತರದಲ್ಲಿ ಅರ್ಧ ಅಲ್ಲೇ ಸಿಕ್ಕಿತು. ಇದು ಕರೆಂಟ್ ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಜೊತೆ ಕೆಲಸ ಮಾಡಬೇಕಾದ ಕಾಯಿಲ್. ಸಾಲಿನಲ್ಲಿ ಇನ್ನೂ ಒಂದೂವರೆ ಓಮ್ ಇದ್ದರೆ ಒಟ್ಟು 3 ಓಮ್, 12 ವೋಲ್ಟಿಗೆ 4 ಆಂಪಿಯರ್. ನಮ್ಮ ಗಾಡಿಯಲ್ಲಿ ಬ್ಯಾಲಾಸ್ಟ್ ಹುಡುಕಿದರೂ ಇಲ್ಲ. ನೇರ 12 ವೋಲ್ಟ್, ಲೆಕ್ಕಕ್ಕೆ 8 ಆಂಪಿಯರ್. ಕಾಯಿಲ್ ಕಾಯದೆ ಇನ್ನೇನು ಮಾಡುತ್ತದೆ? ಡೆಲ್ಕೊ ಒಳಗೆ ಕಾಯಿಲಿನ ಕರೆಂಟನ್ನು ಕಟ್ ಮಾಡಿ ಕಿಡಿ ಹುಟ್ಟಿಸುವ ಪಾಯಿಂಟುಗಳು ಪದೇ ಪದೇ ನೀಲಿಗಟ್ಟಿ ಸುಡುತ್ತಿದ್ದುದಕ್ಕೂ ಇದೇ ಕಾರಣ. ಅವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ನನ್ನ ಯೌವನ ಕಳೆದಿದೆ.

ಇನ್ನರ್ಧ ಉತ್ತರ ಪೆನ್ಸಿಲಿನಿಂದ ಬಂತು. ಇದನ್ನು ಕತ್ತಲಲ್ಲಿ ಮಾಡಬೇಕು. ಶೆಡ್ಡಿನ ದೀಪ ಆರಿಸಿ, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಒಂದು ಪ್ಲಗ್ಗಿನ ವೈರನ್ನು ರಬ್ಬರ್ ಹಿಡಿಯ ಇಕ್ಕಳದಿಂದ ಎತ್ತಿ, ಪ್ಲಗ್ಗಿನ ತುದಿಯಿಂದ ಅರ್ಧ ಸೆಂಟಿಮೀಟರ್ ದೂರ ಹಿಡಿದೆ. ಕಿಡಿ ಟಕ್ ಟಕ್ ಅಂತ ಹಾರುತ್ತಿತ್ತು. ಆ ಸಂದಿಗೆ ಚೆನ್ನಾಗಿ ಜೀವಿದ ಪೆನ್ಸಿಲ್ಲಿನ ಸೀಸದ ಮೊನೆ ಹಿಡಿದೆ. ಕಿಡಿ ಮೊನೆಯನ್ನು ದಾಟುವಾಗ ಒಂದು ಕಡೆ ಮಾತ್ರ ಸಣ್ಣ ಕಿತ್ತಳೆ ಬಣ್ಣದ ಗರಿ ಬಿಚ್ಚಿಕೊಳ್ಳುತ್ತದೆ. ಗರಿ ಪ್ಲಗ್ಗಿನ ಕಡೆಗಿದ್ದರೆ ಕಾಯಿಲಿನ ಕನೆಕ್ಷನ್ ಸರಿ. ನನ್ನದು ವೈರಿನ ಕಡೆಗೆ ಬಿಚ್ಚಿತು. ಉಲ್ಟಾ.

ಏನಾಗಿತ್ತು ಎಂದರೆ, ಪಾಸಿಟಿವ್ ಅರ್ತ್ ಗಾಡಿಯಲ್ಲಿ ಕಾಯಿಲಿನ ಮೈನಸ್ ತುದಿ ಸ್ವಿಚ್ಚಿಗೆ, ಪ್ಲಸ್ ತುದಿ ಡೆಲ್ಕೊಗೆ. ನೆಗೆಟಿವ್ ಅರ್ತ್ ಮಾಡಿದಾಗ ಇವೆರಡೂ ಅದಲುಬದಲಾಗಬೇಕು. ಗ್ಯಾರೇಜಿನವರು ಹೊಸ ಕಾಯಿಲನ್ನು ಹಳೆಯದು ಇದ್ದ ಹಾಗೆಯೇ ಕಟ್ಟಿಬಿಟ್ಟಿದ್ದಾರೆ. ಗಾಡಿ ಓಡುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪ್ಲಗ್ಗಿನ ನಡುವಿನ ಕಡ್ಡಿ ಬಿಸಿಯಾಗಿರುತ್ತದೆ, ಅದು ಮೈನಸ್ ಆಗಿದ್ದರೆ ಎಲೆಕ್ಟ್ರಾನುಗಳು ಅಲ್ಲಿಂದ ಸುಲಭವಾಗಿ ಹಾರುತ್ತವೆ. ಉಲ್ಟಾ ಕೊಟ್ಟರೆ ಅದೇ ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಬೇಯುತ್ತಿರುವ ಕಾಯಿಲ್ ಅದನ್ನೆಲ್ಲಿಂದ ತರಬೇಕು?

ಹಳೆ ಅಂಬಾಸಿಡರಿಗೆ ಬರುತ್ತಿದ್ದಂಥ, ಬ್ಯಾಲಾಸ್ಟ್ ಬೇಡದ 3 ಓಮಿನ ಕಾಯಿಲ್ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಸಿಕ್ಕಿತು. ಎಂಜಿನ್ ಮೇಲಿದ್ದ ಜಾಗ ಬಿಟ್ಟು ಫೈರ್‌ವಾಲಿಗೆ, ಅಂದರೆ ಎಂಜಿನ್ ಹಿಂದಿನ ತಗಡಿನ ಗೋಡೆಗೆ, ಕೂರಿಸಿದೆ, ಪ್ಲಸ್ ಸ್ವಿಚ್ಚಿಗೆ, ಮೈನಸ್ ಡೆಲ್ಕೊಗೆ. ಬೆಟ್ಟ ಹತ್ತಿದೆ. ನಿಲ್ಲಲಿಲ್ಲ! ಆದರೆ ಸ್ಪೀಡು ಏರಿಸಿದಾಗ ನಡುನಡುವೆ ಕಿಡಿ ತಪ್ಪುವ ಹಳೆ ಮಿಸ್ಸಿಂಗ್ ಹಾಗೇ ಇತ್ತು, ಇಳಿಯುವಾಗ ಸೈಲೆನ್ಸರಿನಲ್ಲಿ ಫಟ್ ಫಟ್.

ಪಾಯಿಂಟ್ ಎಷ್ಟು ಹೊತ್ತು ಮುಚ್ಚಿರುತ್ತದೆ ಅಂತ ಅಳೆಯುವ ಡ್ವೆಲ್ ಮೀಟರ್ ಹಾಕಿದೆ. ಆರು ಸಿಲಿಂಡರ್ ಅಂದರೆ ಡೆಲ್ಕೊ ಶಾಫ್ಟಿನ ಒಂದು ಸುತ್ತಿನಲ್ಲಿ ಒಂದೊಂದಕ್ಕೆ 60 ಡಿಗ್ರಿ. ಅದರಲ್ಲಿ 38 ಡಿಗ್ರಿಯ ಆಸುಪಾಸು ಪಾಯಿಂಟ್ ಮುಚ್ಚಿರಬೇಕು, ಆ ಹೊತ್ತಿನಲ್ಲೇ ಕಾಯಿಲ್ ತುಂಬಿಕೊಳ್ಳುವುದು. ಎಂಜಿನ್ 3000 ಸುತ್ತಿನಲ್ಲಿದ್ದರೆ ನಿಮಿಷಕ್ಕೆ 9000 ಕಿಡಿ, ಸೆಕೆಂಡಿಗೆ 150. ಒಂದೊಂದು ಸಲ ತುಂಬಿಕೊಳ್ಳಲು ಸಿಗುವುದು ಸೆಕೆಂಡಿನ ಸಾವಿರದ ನಾಲ್ಕು ಭಾಗ ಅಷ್ಟೇ. ನನ್ನ ಮೀಟರಿನ ಮುಳ್ಳು 33ರಿಂದ 41ರ ಮಧ್ಯೆ ಕುಣಿಯುತ್ತಿತ್ತು. ಪಾಯಿಂಟ್ ಗ್ಯಾಪ್ ಎಷ್ಟು ಸರಿ ಇಟ್ಟರೂ ಇದು ನಿಲ್ಲುವುದಿಲ್ಲ. ಶಾಫ್ಟೇ ಆಡುತ್ತಿದೆ.

ಡೆಲ್ಕೊ ಬಿಚ್ಚಿದೆ. ಈ ಎಂಜಿನ್ನಿನಲ್ಲಿ ಅದರ ಬುಡಕ್ಕೆ ಗೇರ್ ಇಲ್ಲ. ಆಯಿಲ್ ಪಂಪಿನ ಶಾಫ್ಟಿನ ತೋಡಿಗೆ ಕೂರುವ ಒಂದು ನಾಲಿಗೆ ಇದೆ, ಹಾಗಾಗಿ ತೆಗೆಯುವುದು ಹಾಕುವುದು ಸುಲಭ. ರೋಟರ್ ಯಾವ ಕಡೆ ನೋಡುತ್ತಿತ್ತು ಅಂತ ಚಾಕ್‌ಪೀಸಿನಲ್ಲಿ ಗೀಟು ಹಾಕಿ ಎತ್ತಿಕೊಂಡೆ. ಮೇಜಿನ ಮೇಲೆ ಹಳೆ ಪ್ರಜಾವಾಣಿ ಹಾಸಿ, ಪಾಯಿಂಟ್ ಪ್ಲೇಟ್ ತೆಗೆದೆ. ಕೆಳಗೆ ಸೆಂಟ್ರಿಫ್ಯೂಗಲ್ ಅಡ್ವಾನ್ಸಿನ ಎರಡು ತೂಕದ ಬಟ್ಟುಗಳು. ಎಂಜಿನ್ ಸ್ಪೀಡ್ ಏರಿದಂತೆ ಇವು ಹೊರಕ್ಕೆ ಚಾಚಿಕೊಂಡು ಕಿಡಿಯನ್ನು ಮುಂಚೆ ತರಬೇಕು. ಎರಡು ಸ್ಪ್ರಿಂಗ್ ಅವನ್ನು ಹಿಂದಕ್ಕೆ ಎಳೆಯಬೇಕು. ಹಳೆ ಗ್ರೀಸು ಒಣಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಒಂದು ಸ್ಪ್ರಿಂಗ್ ಅದರದೇ. ಇನ್ನೊಂದು ಉದ್ದಕ್ಕೆ, ತೆಳ್ಳಗೆ, ತುದಿಗಳನ್ನು ಕೈಯಲ್ಲೇ ಬಗ್ಗಿಸಿ ಕೊಕ್ಕೆ ಮಾಡಿದ್ದು. ಬಾಲ್‌ಪೆನ್ನಿನ ಸ್ಪ್ರಿಂಗು!

ಮೇಸ್ತ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಇದು ನಾನ್ ಮಾಡಿದ್ದಲ್ಲ ಸಾರ್," ಅಂದರು. ಆಮೇಲೆ, "ಆದ್ರೆ ಮಾಡಿದೋನು ಬುದ್ಧಿವಂತ."

ಎಂಜಿನ್ನಿನ ಎಳೆತಕ್ಕೆ ಪಾಯಿಂಟ್ ಪ್ಲೇಟನ್ನು ತಿರುಗಿಸಿ ಟೈಮಿಂಗ್ ಬದಲಿಸುವ ವ್ಯಾಕ್ಯೂಮ್ ಡಬ್ಬಿ ಮಾತ್ರ ಸರಿಯಾಗಿತ್ತು. ಪೈಪ್ ಬಾಯಲ್ಲಿಟ್ಟು ಎಳೆದರೆ ಪ್ಲೇಟ್ ತಿರುಗಿತು, ಪೈಪಿನ ತುದಿಯನ್ನು ನಾಲಿಗೆಯಿಂದ ಮುಚ್ಚಿದರೆ ಹಾಗೇ ಹಿಡಿದುಕೊಂಡಿತು. ಡಯಾಫ್ರಮ್ ಹರಿದಿಲ್ಲ. ಆ ದಿನ ರಾತ್ರಿ ಅನ್ನಕ್ಕೂ ಪೆಟ್ರೋಲ್ ರುಚಿ.

ಶಾಫ್ಟನ್ನು ಹಿಡಿದಿಡುವ ಬುಷ್‌ಗಳು ಎಷ್ಟು ಸವೆದಿದ್ದವು ಅಂದರೆ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿದರೆ ಕಣ್ಣಿಗೇ ಕಾಣುತ್ತಿತ್ತು. ಪಾಯಿಂಟ್ ಗ್ಯಾಪೇ ಇರಬೇಕಾದದ್ದು 0.020 ಇಂಚು, ಅರ್ಧ ಮಿಲಿಮೀಟರ್. ಶಾಫ್ಟ್ ಅದರ ಕಾಲು ಭಾಗ ಆಚೀಚೆ ಹೋದರೂ ಒಂದೊಂದು ಸಿಲಿಂಡರಿಗೆ ಒಂದೊಂದು ಗ್ಯಾಪು. ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಷ್ ಕಡೆಸಿದೆ. ಅಂಗಡಿಯವರು ಮೊದಲು ಟ್ರಾಕ್ಟರಿಗೆ ಮಾಡುವ ಹಾಗೆ ಸಡಿಲವಾಗಿಯೇ ಮಾಡಿಕೊಟ್ಟರು. ವಾಪಸ್ ಕೊಟ್ಟೆ. ಎರಡನೇ ಸಲ ಶಾಫ್ಟಿಗೆ ಎಣ್ಣೆ ಹಚ್ಚಿ ಬುಷ್ಷಿಗೆ ಇಳಿಸಿದರೆ, ತನ್ನ ಭಾರಕ್ಕೇ ನಿಧಾನವಾಗಿ ಇಳಿದು ಕೂತಿತು, ಆದರೆ ಆಡಲಿಲ್ಲ. ಅದು ಬೇಕಾಗಿದ್ದದ್ದು. ಬಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಸ್ಪ್ರಿಂಗ್ ಜೊತೆಯನ್ನು ಒಂದು ಸ್ಕ್ರ್ಯಾಪ್ ಡೆಲ್ಕೊದಿಂದ ತೆಗೆದು ಹಾಕಿದೆ. ಪಾಯಿಂಟನ್ನು ತಳ್ಳಿ ತೆರೆಯುವ ಕ್ಯಾಮ್ ಮೇಲೆ ಉಗುರಿನ ತುದಿಯಷ್ಟೇ ಗ್ರೀಸು, ಜಾಸ್ತಿಯಾದರೆ ಪಾಯಿಂಟಿನ ಮೇಲೆ ಸಿಡಿಯುತ್ತದೆ. ಹೊಸ ಪಾಯಿಂಟು, ಅದು ಸುಡದಂತೆ ಕಾಯುವ ಹೊಸ ಕಂಡೆನ್ಸರ್.

ಮುಳ್ಳು 38ಕ್ಕೆ ಹೋಗಿ ನಿಂತಿತು. ಒಂದು ಡಿಗ್ರಿಯೂ ಅಲ್ಲಾಡಲಿಲ್ಲ. ಆ ಸಂಜೆ ಗಾಡಿ ಓಡಿದ ಹಾಗೆ ನಾನು ಅದು ಓಡಿದ್ದನ್ನು ನೋಡಿಯೇ ಇರಲಿಲ್ಲ. ಮಿಸ್ಸಿಂಗ್ ಇಲ್ಲ, ಪಿಕಪ್ ಇದೆ, ನಂಜನಗೂಡು ರಸ್ತೆಯಲ್ಲಿ ಟಾಪ್ ಗೇರಿನಲ್ಲೇ ಎಳೆಯಿತು.

ಇಲ್ಲಿ ಮೇಸ್ತ್ರಿಗೂ ನನಗೂ ವಾದ. ಅಮೆರಿಕದಲ್ಲಿರುವ ಅಣ್ಣನ ಮಗ ಅಷ್ಟರಲ್ಲಿ ಎಲೆಕ್ಟ್ರಾನಿಕ್ ಕಿಟ್ ತಂದುಬಿಟ್ಟಿದ್ದ. ಅವನಿರುವುದು ಡೆಟ್ರಾಯಿಟ್ ಪಕ್ಕದಲ್ಲೇ, ಡಾಡ್ಜ್ ಹುಟ್ಟಿದ ಊರಿಂದ ಪ್ರಸಾದ ಬಂದ ಹಾಗೆ. "ಈಗ ಚೆನ್ನಾಗಿ ಓಡ್ತಿದೆಯಲ್ಲ ಸಾರ್, ಇನ್ಯಾಕೆ ಅದು? ಪಾಯಿಂಟ್ ಹೋದ್ರೆ ಉಜ್ಜಿಕೊಂಡು ಮನೆಗೆ ಬರಬಹುದು. ಆ ಡಬ್ಬಿ ಹೋದ್ರೆ ಲಾರಿಗೆ ಕಟ್ಟಬೇಕು" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ನನ್ನ ಕಾರಣ ಬೇರೆ. ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಉಜ್ಜಿ ಸವೆಯುತ್ತದೆ, ಗ್ಯಾಪ್ ಕಮ್ಮಿಯಾಗುತ್ತದೆ, ಅದರ ಜೊತೆ ಟೈಮಿಂಗೂ ಹಿಂದಕ್ಕೆ ಜಾರುತ್ತದೆ. ಗಾಡಿ ವಾರಕ್ಕೊಮ್ಮೆ ಓಡುವುದು, ನಡುವೆ ಪಾಯಿಂಟ್ ಮೇಲೆ ಸಣ್ಣ ಪೊರೆ ಕಟ್ಟುತ್ತದೆ. ಮಳೆಗಾಲದಲ್ಲಿ ಸ್ಟಾರ್ಟಿಂಗ್ ಟ್ರಬಲ್. ನನಗೆ ಬೇಕಾಗಿದ್ದು ಶಕ್ತಿಯಲ್ಲ, ಮರೆತುಬಿಡುವ ಅನುಕೂಲ.

ಕಿಟ್ ಅಂದರೆ ಎರಡೇ ಸಾಮಾನು. ಆರು ಅಯಸ್ಕಾಂತ ಹುದುಗಿಸಿದ ಒಂದು ಬಳೆ, ಅದು ಕ್ಯಾಮಿನ ಮೇಲೆ ಕೂರುತ್ತದೆ. ಪಾಯಿಂಟ್ ಇದ್ದ ಜಾಗದಲ್ಲಿ ಸ್ಕ್ರೂ ಮಾಡುವ ಒಂದು ಹಾಲ್ ಸೆನ್ಸರ್. ಬಳೆಯ ಅಯಸ್ಕಾಂತ ಎದುರಿಗೆ ಹಾದುಹೋದಾಗ ಸೆನ್ಸರ್ ಕಾಯಿಲಿನ ಕರೆಂಟ್ ಕಟ್ ಮಾಡುತ್ತದೆ, ಪಾಯಿಂಟ್ ಮಾಡುತ್ತಿದ್ದ ಕೆಲಸವೇ. ಕಂಡೆನ್ಸರ್ ಬೇಡ. ಕೆಂಪು ವೈರ್ ಕಾಯಿಲಿನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಆರು ಸಿಲಿಂಡರಿಗೆ ಕಾಯಿಲ್ 3 ಓಮಿಗಿಂತ ಕಮ್ಮಿ ಇರಬಾರದು ಅಂತ ಕಿಟ್ಟಿನ ಚೀಟಿಯಲ್ಲೇ ಇತ್ತು. ಆ ಹಳೆ 1.5 ಓಮಿನ ಕಾಯಿಲಿಗೆ ಇದನ್ನು ಕಟ್ಟಿದ್ದರೆ ಒಂದೇ ದಿನದಲ್ಲಿ ಹೊಗೆ ಬರುತ್ತಿತ್ತು, "ಎಲೆಕ್ಟ್ರಾನಿಕ್ ನಮ್ಮ ಗಾಡಿಗೆ ಆಗಿಬರಲ್ಲ" ಅಂತ ತೀರ್ಪೂ ಬರುತ್ತಿತ್ತು.

ಬಳೆ ಪೂರ್ತಿ ಕೆಳಗೆ ಕೂರದಿದ್ದರೆ ರೋಟರ್ ಎತ್ತರವಾಗಿ ಕ್ಯಾಪಿನ ಒಳಗೆ ತಾಗುತ್ತದೆ. ಹೊರಗಿನಿಂದ ಕಾಣುವುದಿಲ್ಲವಲ್ಲ. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಕಡಲೆಯಷ್ಟು ಉಂಡೆ ತಂದು ರೋಟರಿನ ನೆತ್ತಿಗೆ ಅಂಟಿಸಿ, ಕ್ಯಾಪ್ ಮುಚ್ಚಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ತೆಗೆದೆ. ಉಂಡೆ ಚಪ್ಪಟೆಯಾಗಿತ್ತು, ಆದರೆ ಎರಡು ಮಿಲಿಮೀಟರ್ ದಪ್ಪ ಉಳಿದಿತ್ತು. ಸಾಕು. ಸೆನ್ಸರಿಗೂ ಬಳೆಗೂ ಮುಕ್ಕಾಲು ಮಿಲಿಮೀಟರ್ ಸಂದಿ, ಅದಕ್ಕೆ ಅಳತೆಯ ಪ್ಲಾಸ್ಟಿಕ್ ಪಟ್ಟಿ ಕಿಟ್ಟಿನಲ್ಲೇ ಬಂದಿತ್ತು. ಒಂದು ಕೆಲಸ ಮಾತ್ರ ಚೀಟಿಯಲ್ಲಿರಲಿಲ್ಲ. ವ್ಯಾಕ್ಯೂಮಿಗೆ ತಿರುಗುವ ಪ್ಲೇಟಿಗೂ ಡೆಲ್ಕೊ ಬಾಡಿಗೂ ನಡುವೆ ಒಂದು ಹೆಣೆದ ತಾಮ್ರದ ಅರ್ತ್ ವೈರ್ ಹಾಕಿದೆ. ಎಣ್ಣೆ ಹಚ್ಚಿದ ಪ್ಲೇಟನ್ನು ಅರ್ತಿಗೆ ನಂಬಬಾರದು.

ಕೀ ತಿರುಗಿಸಿದೆ, ಅರ್ಧ ಸುತ್ತಿಗೇ ಹಿಡಿಯಿತು. ಎರಡು ದಿನ ಓಡಿಸಿದೆ. ಮೂರನೇ ದಿನ ನಾನೇ ಸುಟ್ಟೆ.

ಆಗಿದ್ದು ಇಷ್ಟು. ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದರೆ ಕಾಯಿಲಿನ ಪ್ಲಸ್ಸಿನಲ್ಲಿ 10.8 ಮಾತ್ರ ಬರುತ್ತಿತ್ತು. ಹಳೆ ಸ್ವಿಚ್ಚು, ಬಟ್ಟೆ ಸುತ್ತಿದ ಹಳೆ ವೈರು, ದಾರಿಯಲ್ಲೇ ಸೋರಿಕೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಮೀಟರ್ ಹಿಡಿದು ಒಂದೊಂದೇ ಜಾಯಿಂಟ್ ನೋಡುತ್ತಾ ಹೋದೆ. ಅಷ್ಟರಲ್ಲಿ ಅಮ್ಮ ಕಾಫಿಗೆ ಕರೆದರು. ಹೋದೆ. ಕಾಫಿ ಜೊತೆ ಕೋಡುಬಳೆಯೂ ಇತ್ತು, ಕೋಡುಬಳೆ ಜೊತೆ ಪಕ್ಕದ ಮನೆಯ ಮದುವೆ ಸುದ್ದಿಯೂ ಇತ್ತು. ಕೀ ಆನ್‌ನಲ್ಲೇ ಇತ್ತು. ಎಂಜಿನ್ ನಿಂತಿರುವಾಗ ಸೆನ್ಸರ್ ಕರೆಂಟ್ ಬಿಡುವ ಸ್ಥಿತಿಯಲ್ಲಿದ್ದರೆ ಕಾಯಿಲಿಗೂ ಸೆನ್ಸರಿಗೂ ಬಿಡುವಿಲ್ಲದೆ ಕರೆಂಟ್ ಹರಿಯುತ್ತದೆ. ವಾಪಸ್ ಬಂದಾಗ ಬಾನೆಟ್ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ. ನೂರು ಡಾಲರಿಗೂ ಜಾಸ್ತಿ ಬೆಲೆಯ ಸಾಮಾನು, ಒಂದು ತಟ್ಟೆ ಕೋಡುಬಳೆಗೆ ಹೋಯಿತು. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು, ಎಂಜಿನ್ ಓಡದಿರುವಾಗ ಕೀ ಆನ್ ಇಡಬೇಡಿ ಅಂತ. ಓದಿಯೂ ಇದ್ದೆ.

ಹಳೆ ಪಾಯಿಂಟು ಕಂಡೆನ್ಸರ್ ಮತ್ತೆ ಹಾಕಲು ಇಪ್ಪತ್ತು ನಿಮಿಷ ಸಾಕಾಯಿತು. ಮೇಸ್ತ್ರಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಎರಡನೇ ಕಿಟ್ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ರಿಲೇ ಕೆಲಸ ಮುಗಿಸಿದೆ. ಸಾಮಾನ್ಯ ನಾಲ್ಕು ಪಿನ್ನಿನ ರಿಲೇ, ಹಾರ್ನಿಗೆ ಹಾಕುತ್ತಾರಲ್ಲ, ಅದೇ. ಮೊದಲು ಕಾಯಿಲಿಗೆ ಹೋಗುತ್ತಿದ್ದ ಸ್ವಿಚ್ಚಿನ ವೈರನ್ನು 86ಕ್ಕೆ ಕೊಟ್ಟೆ, 85 ಅರ್ತಿಗೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ಹೊಸ ವೈರ್ 30ಕ್ಕೆ, 87ರಿಂದ ಕಾಯಿಲಿನ ಪ್ಲಸ್ಸಿಗೆ. ಈಗ ಹಳೆ ಸ್ವಿಚ್ಚಿನ ಮೇಲೆ ಭಾರವಿಲ್ಲ. ಕಾಯಿಲಿನಲ್ಲಿ 12.3 ವೋಲ್ಟ್. ಜೊತೆಗೆ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಕೆಂಪು ಪೈಲಟ್ ಲ್ಯಾಂಪು. ಕೀ ಆನ್ ಇದ್ದರೆ ಉರಿಯುತ್ತದೆ. ಯಾಕೆ ಹಾಕಿದೆ ಅಂತ ಕೇಳುವವರಿಗೆ ಅಲಂಕಾರಕ್ಕೆ ಅನ್ನುತ್ತೇನೆ.

ಪ್ಲಗ್ ವೈರುಗಳನ್ನೂ ಬದಲಾಯಿಸಿದೆ. ಇದ್ದದ್ದು ತಾಮ್ರದ ಎಳೆಯವು. ಅವು ರೇಡಿಯೊಗೆ ಕೊರಕೊರ ಸದ್ದು ಕೊಡುವ ಹಾಗೆಯೇ ಸೆನ್ಸರಿಗೂ ತಲೆನೋವು, ಕಾರ್ಬನ್ ಎಳೆಯ ವೈರ್ ಬೇಕು. ಹೊಸ ಕ್ಯಾಪೂ ಹಾಕುತ್ತಿದ್ದೆನಾದ್ದರಿಂದ ಒಂದನೇ ಸಿಲಿಂಡರಿನ ಜಾಗ ಮತ್ತೆ ಗೊತ್ತುಮಾಡಿಕೊಳ್ಳಬೇಕಿತ್ತು. ಈ ಎಂಜಿನ್ನಿನಲ್ಲಿ ಅದಕ್ಕೊಂದು ಚೆಂದದ ಏರ್ಪಾಡಿದೆ. ಆರನೇ ಸಿಲಿಂಡರಿನ ನೆತ್ತಿಯ ಮೇಲೆ, ಹೆಡ್ಡಿನಲ್ಲಿ, ಒಂದು ಸಣ್ಣ ಪೈಪ್ ಪ್ಲಗ್. ಅದನ್ನು ಬಿಚ್ಚಿ ನೇರವಾದ ಕಡ್ಡಿಯೊಂದನ್ನು ಇಳಿಬಿಟ್ಟರೆ ಪಿಸ್ಟನ್ನಿನ ಮೇಲೆ ಕೂರುತ್ತದೆ. ವಾಲ್ವುಗಳು ಪಕ್ಕದಲ್ಲಿರುವುದರಿಂದ ಅಡ್ಡ ಏನೂ ಇಲ್ಲ. ನಾನು ಸೈಕಲ್ ಕಡ್ಡಿ ಹಾಕಿದೆ, ಜಾರಿ ಒಳಗೆ ಬೀಳದ ಹಾಗೆ ಮೇಲ್ತುದಿ ಬಗ್ಗಿಸಿ. ಮೇಸ್ತ್ರಿ ಫ್ಯಾನ್ ಹಿಡಿದು ಎಂಜಿನ್ ತಿರುಗಿಸಿದರು. ಕಡ್ಡಿ ಏರಿತು, ಏರಿತು, ಒಂದು ಕ್ಷಣ ನಿಂತಿತು, ಇಳಿಯತೊಡಗಿತು. ಸ್ವಲ್ಪ ಹಿಂದಕ್ಕೆ. ಅಲ್ಲೇ. ಒಂದು ಮತ್ತು ಆರು ಜೋಡಿ, ಎರಡೂ ಒಟ್ಟಿಗೆ ಮೇಲೆ ಬರುತ್ತವೆ. ರೋಟರ್ ನೋಡುತ್ತಿದ್ದ ಕಡೆಗೆ ಒಂದನೇ ವೈರ್ ಚುಚ್ಚಿ, ಗಡಿಯಾರದ ದಿಕ್ಕಿಗೆ 5, 3, 6, 2, 4 ಅಂತ ಹಾಕುತ್ತಾ ಹೋದೆ.

ಸೆಲ್ಫ್ ಹೊಡೆದೆ. ಕಾರ್ಬುರೇಟರಿನಿಂದ ದೀಪಾವಳಿಯ ಲಕ್ಷ್ಮಿ ಪಟಾಕಿಯ ಹಾಗೆ ಒಂದು ಸದ್ದು. ಸುಮ್ನೆ ಇಟ್ಟಿದ್ದ ಏರ್ ಕ್ಲೀನರ್ ಎಗರಿತು, ಶೆಡ್ಡಿನ ಮೇಲಿದ್ದ ಪಾರಿವಾಳಗಳೂ ಎಗರಿದವು.

"ಹೆಬ್ಬೆರಳು ಇಟ್ಟು ನೋಡಿದ್ರಾ ಸಾರ್?" ಅಂದರು ಮೇಸ್ತ್ರಿ.

ಇಟ್ಟಿರಲಿಲ್ಲ. ನಾಲ್ಕು ಸ್ಟ್ರೋಕಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಂದು ಸಲ ಗಾಳಿ ಒತ್ತಿಕೊಂಡು, ಒಂದು ಸಲ ಹೊಗೆ ಹೊರಹಾಕಿ. ಕಡ್ಡಿಗೆ ಎರಡೂ ಒಂದೇ. ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ, ಗಾಳಿ ಬೆರಳನ್ನು ತಳ್ಳುವುದು ಒಂದು ಸಲ ಮಾತ್ರ. ಅದು ಫೈರಿಂಗ್ ಹೊತ್ತು. ನಾನು ಹಾಕಿದ್ದು ಸರಿಯಾಗಿ ಅರ್ಧ ಸುತ್ತು ಆಚೆ. ಆರೂ ವೈರನ್ನು ಮೂರು ಮೂರು ಮನೆ ಸರಿಸಿದೆ. ಹಿಡಿಯಿತು.

ಕಿಡಿ ಹಾರುವ ಹೊತ್ತನ್ನು ತೋರಿಸುವ ಟೈಮಿಂಗ್ ಲೈಟ್ ಹಾಕುವಾಗ ವ್ಯಾಕ್ಯೂಮ್ ಪೈಪ್ ತೆಗೆದು ಅದರ ಬಾಯಿ ಮುಚ್ಚಿದೆ. ಪುಲ್ಲಿಯ ಗೀಟು ಮೊದಲೆಲ್ಲ ಮಂಜಿನ ಹಾಗೆ ಹರಡಿಕೊಂಡು ಕಾಣುತ್ತಿತ್ತು, ಈಗ ಚಾಕುವಿನಲ್ಲಿ ಕೊರೆದ ಹಾಗೆ ಒಂದೇ ಕಡೆ. ಸೊನ್ನೆಯಲ್ಲಿ ಶುರುಮಾಡಿ, ಬೆಟ್ಟದ ಏರಿನಲ್ಲಿ ನಾಕಿಂಗ್ ಕೇಳುವವರೆಗೂ ಮುಂದಕ್ಕೆ ತಂದು, ಅಲ್ಲಿಂದ ಹಿಂದಕ್ಕೆ ಇಳಿಸಿದೆ. ಕೊನೆಗೆ ನಿಂತದ್ದು, ಪಿಸ್ಟನ್ ಪೂರ್ತಿ ಮೇಲೆ ಬರುವುದಕ್ಕೆ 2 ಡಿಗ್ರಿ ಮುಂಚೆ. ಪ್ಲಗ್ ಗ್ಯಾಪಿಗೆ ಮೇಸ್ತ್ರಿ ಯಾವತ್ತೂ ಬಳಸುವುದು ಹ್ಯಾಕ್ಸಾ ಬ್ಲೇಡು, ದಪ್ಪ ಸುಮಾರು 0.65 ಮಿಲಿಮೀಟರ್. ಈಗ ಕಿಡಿಗೆ ದಮ್ಮಿದೆ, 0.9ಕ್ಕೆ ತೆರೆದೆ. ಆ ಬ್ಲೇಡಿಗೆ ಕೆಲಸ ಹೋಯಿತು ಅಂತ ಅವರಿಗೆ ಸ್ವಲ್ಪ ಬೇಜಾರು.

ಏನು ಬದಲಾಯಿತು ಅಂತ ಕೇಳಿದರೆ, ನಿಜ ಹೇಳಬೇಕು. ಪಿಕಪ್ಪು, ಬೆಟ್ಟ ಹತ್ತುವ ಶಕ್ತಿ, ಮಿಸ್ಸಿಂಗ್ ಹೋದದ್ದು, ಇದೆಲ್ಲ ಸರಿಯಾದ ಕಾಯಿಲ್ ಮತ್ತು ಗನ್‌ಮೆಟಲ್ ಬುಷ್‌ಗಳ ಪುಣ್ಯ. ಎಲೆಕ್ಟ್ರಾನಿಕ್ ಕಿಟ್ ಕೊಟ್ಟದ್ದು ಬೆಳಗಿನ ಸ್ಟಾರ್ಟಿಂಗು ಮತ್ತು ಹದವಾದ ಐಡ್ಲಿಂಗು. ಮೈಲೇಜು ಇದ್ದಷ್ಟೇ ಇದೆ, ಅದನ್ನು ಬರೆಯಲು ನಾಚಿಕೆ. ಐಡ್ಲಿಂಗ್ ಹೇಗಿದೆ ಅಂದರೆ, ಆ ಹಳೆ ದಪ್ಪ ಐದು ರೂಪಾಯಿ ನಾಣ್ಯವನ್ನು ಹೆಡ್ಡಿನ ಮೇಲೆ ಅಂಚಿಗೆ ನಿಲ್ಲಿಸಿದೆ. ನಿಂತಿತು. ಮೇಸ್ತ್ರಿ ಬಗ್ಗಿ ನೋಡಿ, ನಾಣ್ಯ ಎತ್ತಿ ಜೇಬಿಗೆ ಹಾಕಿಕೊಂಡರು.

ಪಾಯಿಂಟು, ಕಂಡೆನ್ಸರ್, ಸಣ್ಣ ಸ್ಕ್ರೂಡ್ರೈವರ್, ಗ್ಯಾಪ್ ಅಳೆಯುವ ಫೀಲರ್ ಗೇಜು ನಾಲ್ಕನ್ನೂ ಒಂದು ಬಿಸ್ಕತ್ ಡಬ್ಬಿಗೆ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಿದ್ದೇನೆ. ಬಾಲ್‌ಪೆನ್ ಸ್ಪ್ರಿಂಗೂ ಅದರಲ್ಲೇ ಇದೆ. ಕಿಟ್ ಕೈಕೊಟ್ಟರೆ ಪಾಯಿಂಟು, ಕಂಡೆನ್ಸರ್ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ಸಾಕು ಅಂತ ಮೇಸ್ತ್ರಿಗೆ ಡಬ್ಬಿ ತೋರಿಸಿದ ಮೇಲೆ ಲಾರಿಗೆ ಕಟ್ಟುವ ಮಾತು ಬಂದಿಲ್ಲ. ಈಗ ಡೈನಮೊದಲ್ಲಿ ಬ್ರಷ್ ಕಿರಗುಟ್ಟುತ್ತಿದೆ, ಅದು ಮುಂದಿನ ತಿಂಗಳ ಕೆಲಸ.

ಹೋದ ಭಾನುವಾರ ಅಮ್ಮನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಎಲ್ಲೂ ನಿಲ್ಲದೆ ಮೇಲೆ ಹೋಗಿ, ಪಾರ್ಕ್ ಮಾಡಿ ಇಳಿಯುವಾಗ ಅವರು ಕೇಳಿದರು: "ಬಟ್ಟೆ ತಂದಿದೀಯ ತಾನೆ?"

ತಂದಿದ್ದೆ. ಡಿಕ್ಕಿಯಲ್ಲಿ ಅದರ ಜಾಗದಲ್ಲೇ ಇತ್ತು.